ಬಟ್ಟೆ ಗೊಂಬೆಯ ಕುತ್ತಿಗೆ ಏಕೆ ವಾಲುತ್ತದೆ? ಗೊಂಬೆ ಮತ್ತು ಅದರ ಉಡುಪಿನ ದೋಷಗಳನ್ನು ಹುಡುಕುವ ಬಗೆ

ದಸರೆಗೆಂದು ನಾನು ಹೊಲಿದು ಮೆಟ್ಟಿಲ ಮೇಲೆ ನಿಲ್ಲಿಸಿದ ಬಟ್ಟೆ ಗೊಂಬೆ ಮೂರನೆಯ ದಿನ ಗದ್ದವನ್ನು ಎದೆಗೆ ಆನಿಸಿಕೊಂಡು ನಿಂತಿತ್ತು. ಅಣ್ಣನ ಮಗಳು ಅಡುಗೆಮನೆಗೆ ಓಡಿ ಬಂದು, "ಅತ್ತೆ, ನಿಮ್ಮ ಗೊಂಬೆ ಅಳುತ್ತಿದೆ, ಬನ್ನಿ" ಎಂದಳು. "ಅಳುವುದಿಲ್ಲ ಪುಟ್ಟಿ, ಕುತ್ತಿಗೆಯಲ್ಲಿ ಅರಳೆ ಕಡಿಮೆಯಾಗಿದೆ. ತುಂಬಿದರೆ ಸರಿಹೋಗುತ್ತದೆ" ಎಂದೆ.

ಬೆನ್ನಿನ ಹೊಲಿಗೆ ಬಿಚ್ಚಿ ತುಂಬಿದೆ. ಸಂಜೆಯ ಹೊತ್ತಿಗೆ ತಲೆ ಮೊದಲಿಗಿಂತ ಹೆಚ್ಚು ಬಾಗಿತ್ತು. ಮತ್ತೆ ಬಿಚ್ಚಿ, ಪೆನ್ಸಿಲಿನ ಹಿಂಬದಿಯಿಂದ ಒತ್ತಿ ಒತ್ತಿ ತುಂಬಿದೆ. ಕತ್ತಿನ ಪಕ್ಕದ ಹೊಲಿಗೆ ಬಾಯಿ ಬಿಟ್ಟಿತು, ತಲೆ ಮಾತ್ರ ಮೇಲೇಳಲಿಲ್ಲ. ಆಗ ಗೊಂಬೆಯನ್ನು ಪೂರ್ತಿ ಬಿಚ್ಚಿ, ಎರಡು ತುಂಡುಗಳನ್ನೂ ಇಸ್ತ್ರಿ ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮುಂಭಾಗದ ತುಂಡಿನಲ್ಲಿ ಎಳೆಗಳು ತಲೆಯಿಂದ ಕಾಲಿಗೆ ನೇರವಾಗಿ ಇಳಿದಿದ್ದವು. ಬೆನ್ನಿನ ತುಂಡಿನಲ್ಲಿ ಅವು ಮೂಲೆಯಿಂದ ಮೂಲೆಗೆ ಓಡಿದ್ದವು. ಉಳಿದಿದ್ದ ಚೂರಿನಲ್ಲಿ ಹೇಗೋ ಸರಿಹೊಂದಲಿ ಎಂದು ಬೆನ್ನನ್ನು ಓರೆಯಾಗಿ ಕತ್ತರಿಸಿದ್ದೆ. ಓರೆಗೆ ಕತ್ತರಿಸಿದ ಬಟ್ಟೆ ಜಗ್ಗುತ್ತದೆ. ಒಳಗೆ ತುಂಬಿದಷ್ಟೂ ಬೆನ್ನು ಉದ್ದವಾಗುತ್ತಿತ್ತು, ಎದೆ ಇದ್ದಷ್ಟೇ ಇರುತ್ತಿತ್ತು. ಹಿಂದೆ ಉದ್ದ, ಮುಂದೆ ಗಿಡ್ಡವಾದರೆ ತಲೆ ಮುಂದಕ್ಕೆ ಬಾಗದೆ ಇನ್ನೇನು ಮಾಡೀತು? ನಾನು ಕೊಡುತ್ತಿದ್ದ ಮದ್ದೇ ರೋಗವನ್ನು ಬೆಳೆಸುತ್ತಿತ್ತು.

ಅಂದಿನಿಂದ ಕೆಟ್ಟ ಗೊಂಬೆ ಕೈಗೆ ಬಂದರೆ ಕೂಡಲೇ ಕತ್ತರಿ ಎತ್ತಿಕೊಳ್ಳುವುದಿಲ್ಲ. ಬಟ್ಟೆಯ ಆಯ್ಕೆ, ಕತ್ತರಿಸುವುದು, ಹೊಲಿಯುವುದು, ತಿರುವುಗಳ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟು ಒಳಭಾಗವನ್ನು ಹೊರಕ್ಕೆ ತಿರುವುವುದು, ತುಂಬುವುದು, ಮುಖ ಬರೆಯುವುದು, ಉಡಿಸುವುದು: ಗೊಂಬೆಯ ಕೆಲಸ ಈ ಸರದಿಯಲ್ಲಿ ನಡೆಯುತ್ತದೆ. ದೋಷ ಒಂದು ಹಂತದಲ್ಲಿ ಕಂಡರೆ ಅದರ ಬೇರು ಬಹುಪಾಲು ಹಿಂದಿನ ಯಾವುದೋ ಹಂತದಲ್ಲಿರುತ್ತದೆ. ಕೆಳಗೆ ಬರೆದಿರುವುದೆಲ್ಲ ಹಾಗೆ ಹಿಂದಕ್ಕೆ ಹೆಜ್ಜೆ ಹಾಕಿ ಹುಡುಕುವ ಬಗೆ.

ಕುತ್ತಿಗೆ

ಗೊಂಬೆಯ ಸೊಂಟ ಹಿಡಿದು ಮುಂದೆ, ಹಿಂದೆ, ಎಡ, ಬಲಕ್ಕೆ ಮೆಲ್ಲಗೆ ಓಲಿಸಿ. ತಲೆ ನಾಲ್ಕೂ ಕಡೆಗೆ ಒಂದೇ ರೀತಿ ಬೀಳುತ್ತಿದ್ದರೆ ತುಂಬಿದ್ದು ಸಾಲದು. ಯಾವಾಗಲೂ ಒಂದೇ ಕಡೆಗೆ ಬೀಳುತ್ತಿದ್ದರೆ ಬಟ್ಟೆಯನ್ನು ಅನುಮಾನಿಸಿ. ಒಂದು ತುಂಡು ಓರೆಯಾಗಿರುತ್ತದೆ, ಇಲ್ಲವೇ ಒಂದು ಪಕ್ಕದ ಹೊಲಿಗೆ ಇನ್ನೊಂದಕ್ಕಿಂತ ಒಳಗೆ ಹೋಗಿರುತ್ತದೆ. ಹೊಲಿದ ದಿನ ನೆಟ್ಟಗಿದ್ದು ವಾರದ ನಂತರ ಬಿದ್ದರೆ ಒಳಗಿನ ಅರಳೆ ಕುಗ್ಗಿದೆ.

ಇನ್ನೊಂದು ಪರೀಕ್ಷೆ: ತಲೆ ಮತ್ತು ಮೈ ಸೇರುವ ಜಾಗವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿ. ಮೇಲೂ ಗಟ್ಟಿ, ಕೆಳಗೂ ಗಟ್ಟಿ, ನಡುವೆ ಬೆರಳುಗಳು ಒಂದನ್ನೊಂದು ಮುಟ್ಟುವಷ್ಟು ಪೊಳ್ಳು ಇದ್ದರೆ ತಲೆಯನ್ನು ಬೇರೆ, ಮೈಯನ್ನು ಬೇರೆ ತುಂಬಿದ್ದೀರಿ ಎಂದು ಅರ್ಥ. ಎರಡು ಮುದ್ದೆಗಳು ಸರಿಯಾಗಿ ಕತ್ತಿನಲ್ಲೇ ಭೇಟಿಯಾಗಿವೆ, ಅಲ್ಲೇ ಕೀಲು ಹುಟ್ಟಿಕೊಂಡಿದೆ. ಇದಕ್ಕೆ ಚೂರು ಚೂರಾಗಿ ಅರಳೆ ತುರುಕಿ ಪ್ರಯೋಜನವಿಲ್ಲ. ಹಳೆಯ ಹತ್ತಿ ಬಟ್ಟೆಯ ಪಟ್ಟಿಯೊಂದನ್ನು ದೀಪದ ಬತ್ತಿ ಹೊಸೆದಂತೆ ಬಿಗಿಯಾಗಿ ಸುತ್ತಿ, ತಲೆಯ ನಡುಮಟ್ಟದಿಂದ ಎದೆಯವರೆಗೆ ಒಂದೇ ಕಂಬದಂತೆ ಇಳಿಯುವ ಹಾಗೆ ಇಡಿ. ಅದರ ಸುತ್ತ ಅರಳೆ ತುಂಬಿ. ಪ್ರದರ್ಶನಕ್ಕೆ ಮಾತ್ರ ಇಡುವ ಗೊಂಬೆಯಾದರೆ ಬಟ್ಟೆ ಸುತ್ತಿದ ಬಿದಿರು ಕಡ್ಡಿಯೂ ಆದೀತು. ಮಕ್ಕಳು ಎತ್ತಿಕೊಂಡು ಮಲಗುವ ಗೊಂಬೆಯೊಳಗೆ ಯಾವ ಕಡ್ಡಿಯನ್ನೂ, ತಂತಿಯನ್ನೂ ಇಡಬೇಡಿ. ಬಟ್ಟೆ ಸವೆದ ದಿನ ಅದು ಹೊರಗೆ ಬಂದೇ ಬರುತ್ತದೆ.

ಎಳೆಯ ದಿಕ್ಕು

ಬಟ್ಟೆಯ ನೇಯ್ದ ಅಂಚಿಗೆ ಸಮನಾಗಿ ಓಡುವ ಎಳೆ ಹಾಸು, ಅಡ್ಡಲಾಗಿ ಓಡುವುದು ಹೊಕ್ಕು. ಹಾಸಿನ ದಿಕ್ಕಿಗೆ ಜಗ್ಗಿದರೆ ಬಟ್ಟೆ ಬಹಳ ಕಡಿಮೆ ಬಿಡುತ್ತದೆ, ಹೊಕ್ಕಿಗೆ ಸ್ವಲ್ಪ ಹೆಚ್ಚು, ಓರೆಗೆ ಎಲ್ಲಕ್ಕಿಂತ ಹೆಚ್ಚು. ಗೊಂಬೆ ಹೊಲಿಯುವವರಲ್ಲಿ ಬಹಳ ಜನ ಚೂರು ಬಟ್ಟೆಯನ್ನೇ ಬಳಸುತ್ತಾರೆ, ಚೂರಿಗೆ ಅಂಚೇ ಇರುವುದಿಲ್ಲ. ಅಂಥ ಚೂರನ್ನು ಎರಡೂ ಕೈಯಲ್ಲಿ ಹಿಡಿದು ಪಟ್ಟನೆ ಎಳೆಯಿರಿ. ಬಿಗಿಯಾಗಿ ನಿಂತು "ಟಪ್" ಎಂದು ಸದ್ದು ಮಾಡುವ ದಿಕ್ಕು ಹಾಸು, ಮೆತ್ತಗಿನ ಸದ್ದಿನದು ಹೊಕ್ಕು. ಆ ಕ್ಷಣವೇ ಪೆನ್ಸಿಲಿನಿಂದ ಬಾಣದ ಗುರುತು ಹಾಕಿಡಿ. ನನ್ನ ಚಿಂದಿ ಬುಟ್ಟಿಯಲ್ಲಿ ಈಗ ಗುರುತಿಲ್ಲದ ಚೂರು ಒಂದೂ ಇಲ್ಲ.

ಕಾಲು ತಿರುಚಿಕೊಂಡಿದ್ದರೆ, ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾದರೆ, ಒಂದು ಕೆನ್ನೆ ಮಾತ್ರ ಊದಿಕೊಂಡರೆ ಕಾರಣ ತುಂಡುಗಳ ಎಳೆಯ ದಿಕ್ಕು ಹೊಂದದಿರುವುದೇ. ಹಾಸು ತಲೆಯಿಂದ ಕಾಲಿಗೆ ಇಳಿದರೆ ಗೊಂಬೆ ತುಂಬಿದಂತೆ ದುಂಡಗಾಗುತ್ತದೆ, ಹೊಕ್ಕು ಇಳಿದರೆ ಸೊರಗಿ ಉದ್ದವಾಗುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಎಲ್ಲ ತುಂಡುಗಳೂ ಒಂದೇ ಬಗೆಯಲ್ಲಿರಬೇಕು.

ಮೈಬಣ್ಣಕ್ಕೆಂದು ರವಿಕೆಯ ಟೂ ಬೈ ಟೂ ಬಟ್ಟೆಯನ್ನು ಬಹಳ ಜನ ಕೊಳ್ಳುತ್ತಾರೆ. ಅದರಲ್ಲಿ ಕಂದು, ಗೋಧಿ, ಮರಳಿನ ಛಾಯೆಗಳೆಲ್ಲ ಸಿಗುತ್ತವೆ, ನಮ್ಮ ಮಕ್ಕಳ ಮೈಬಣ್ಣದ ಗೊಂಬೆ ಮಾಡಲು ಅದಕ್ಕಿಂತ ಒಳ್ಳೆಯ ಬಣ್ಣ ನನಗೆ ಕಂಡಿಲ್ಲ. ಆದರೆ ಬಟ್ಟೆ ತೆಳು. ಒಂಟಿ ಪದರದಲ್ಲಿ ಹೊಲಿದರೆ ಒಳಗಿನ ಗಂಟು ಗಂಟಾದ ಅರಳೆ ಕಾಣುತ್ತದೆ, ನಾರು ಹೊರಗೆ ಇಣುಕುತ್ತದೆ. ಹಳೆಯ ಪಂಚೆಯ ಬಟ್ಟೆಯನ್ನು ಒಳಗೆ ಇಟ್ಟು, ಎರಡನ್ನೂ ಕಚ್ಚಾ ಹೊಲಿಗೆಯಿಂದ ಸೇರಿಸಿಕೊಂಡು ಒಂದೇ ಬಟ್ಟೆಯಂತೆ ಹೊಲಿಯಿರಿ. ಒಳಗಿನದೂ ಹೊರಗಿನದೂ ಒಂದೇ ದಿಕ್ಕಿನ ಹಾಸಿನಲ್ಲಿರಲಿ.

ಹೊಲಿಗೆ ಬಾಯಿ ಬಿಟ್ಟರೆ

ಬಿಟ್ಟ ಬಾಯಿಯನ್ನು ಅವಸರದಲ್ಲಿ ಮುಚ್ಚುವ ಮೊದಲು ಅದರ ತುಟಿಗಳನ್ನು ನೋಡಿ. ದಾರ ತುಂಡಾಗಿ ಅದರ ತುದಿಗಳು ನೇತಾಡುತ್ತಿದ್ದು ಬಟ್ಟೆ ಹಾಗೇ ಇದ್ದರೆ ದಾರ ಹಳತು. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹತ್ತಿ ದಾರ ಕೈಯಲ್ಲಿ ಎಳೆದರೇ ಹರಿಯುತ್ತದೆ. ಹೊಲಿಯುವ ಮೊದಲೇ ಹೀಗೆ ಎಳೆದು ನೋಡಬೇಕಿತ್ತು. ದಾರ ನೆಟ್ಟಗಿದ್ದು ಬಟ್ಟೆಯ ಎಳೆಗಳೇ ಜಾರಿ ಹೊರಬಂದಿದ್ದರೆ ಮಾರ್ಜಿನ್, ಅಂದರೆ ಹೊಲಿಗೆಯ ಗೆರೆಯ ಆಚೆ ಬಿಡುವ ಬಟ್ಟೆ, ಸಾಲದಾಗಿದೆ. ಗೊಂಬೆ ಚಿಕ್ಕದೆಂದು ಮಾರ್ಜಿನ್ ಕೂಡ ಚಿಕ್ಕದಿರಲಿ ಎಂದುಕೊಳ್ಳುವುದು ಸಹಜ. ಮೈಗೆ ಕಾಲು ಇಂಚು ಬಿಡಲೇಬೇಕು. ಅಂಗೈ, ಪಾದದ ಕಡೆ ಹೊಲಿದ ಮೇಲೆ ಬೇಕಾದರೆ ಕತ್ತರಿಸಿಕೊಳ್ಳಬಹುದು. ಎಳೆ ಬಿಟ್ಟ ಜಾಗದಲ್ಲಿ ಅದೇ ಗೆರೆಯ ಮೇಲೆ ಮತ್ತೆ ಹೊಲಿಯಬೇಡಿ, ಹಿಡಿಯಲು ಅಲ್ಲಿ ಬಟ್ಟೆ ಉಳಿದಿಲ್ಲ. ತುಂಬಿದ್ದನ್ನು ಸ್ವಲ್ಪ ತೆಗೆದು, ಗೆರೆಯನ್ನು ಎರಡು ಮಿಲಿಮೀಟರ್ ಒಳಕ್ಕೆ ಸರಿಸಿ.

ದಾರವೂ ಸರಿ, ಬಟ್ಟೆಯೂ ಸರಿ, ಆದರೆ ಎರಡು ತುಂಡುಗಳ ನಡುವೆ ದಾರ ಏಣಿಯ ಮೆಟ್ಟಿಲಂತೆ ಕಾಣುತ್ತದೆ ಎಂದರೆ ದಾರದ ಮೇಲೆ ಯಂತ್ರದ ಹಿಡಿತ ಸಡಿಲ ಅಥವಾ ಹೊಲಿಗೆ ಉದ್ದ. ಉಡುಪಿಗೆ ಒಪ್ಪುವ ಹೊಲಿಗೆ ಗೊಂಬೆಯ ಮೈಗೆ ಒಪ್ಪುವುದಿಲ್ಲ, ಏಕೆಂದರೆ ಒಳಗಿನಿಂದ ಸದಾ ಒತ್ತಡವಿರುತ್ತದೆ. ಇಂಚಿಗೆ 12ರಿಂದ 14 ಹೊಲಿಗೆ ಬೀಳುವಂತೆ ಇಟ್ಟುಕೊಳ್ಳಿ. ತುಂಬಲು ಬಿಟ್ಟ ಬಾಯಿಯ ಎರಡೂ ತುದಿಗಳಲ್ಲಿ ಮೂರು ನಾಲ್ಕು ಹೊಲಿಗೆ ಹಿಂದಕ್ಕೆ ಹಾಕಿ ಗಟ್ಟಿಮಾಡಿ. ಅರಳೆ ತುರುಕುವಾಗ ಮೊದಲು ಬಿಚ್ಚಿಕೊಳ್ಳುವುದು ಆ ತುದಿಗಳೇ.

ಸುಕ್ಕು ಮತ್ತು ಗಂಟು

ಕಂಕುಳು, ತೊಡೆಯ ಸಂದು, ಕತ್ತಿನ ತಿರುವಿನಲ್ಲಿ ಸುಕ್ಕುಗಳು ಸೂರ್ಯನ ಕಿರಣಗಳಂತೆ ಒಂದು ಬಿಂದುವಿನಿಂದ ಹೊರಟಿದ್ದರೆ ಆ ಬಿಂದುವಿನಲ್ಲೇ ಕಚ್ಚು ತಪ್ಪಿದೆ. ಒಳಬಾಗಿನ ತಿರುವಿನಲ್ಲಿ ಮಾರ್ಜಿನ್‌ಗೆ ನೇರವಾದ ಸಣ್ಣ ಕಚ್ಚುಗಳನ್ನು ಕೊಡಬೇಕು, ಹೊರಬಾಗಿನ ತಿರುವಿನಲ್ಲಿ ಪುಟ್ಟ ತ್ರಿಕೋನಗಳನ್ನೇ ಕತ್ತರಿಸಿ ತೆಗೆಯಬೇಕು. ಕಚ್ಚು ದಾರದ ಹತ್ತಿರದವರೆಗೆ, ಸುಮಾರು ಒಂದೂವರೆ ಮಿಲಿಮೀಟರ್ ಉಳಿಯುವಷ್ಟು ಹೋಗಲಿ. ಹೆದರಿ ಅರ್ಧಕ್ಕೇ ನಿಲ್ಲಿಸಿದ ಕಚ್ಚು ಕಚ್ಚೇ ಅಲ್ಲ. ಕಂಕುಳಿನಂಥ ಜಾಗದಲ್ಲಿ ಮೊದಲೇ ಎರಡು ಸಾಲು ಹೊಲಿಗೆ ಹಾಕಿಕೊಂಡರೆ ಧೈರ್ಯವಾಗಿ ಕತ್ತರಿ ಆಡಿಸಬಹುದು.

ಮೈಯಲ್ಲಿ ಗಂಟು ಸಿಕ್ಕರೆ ಬೆರಳಿನಿಂದ ತಳ್ಳಿ ನೋಡಿ. ಗಂಟು ಜರುಗಿದರೆ ಅದು ಬಿಡಿ ಉಂಡೆಯಾಗಿ ಉಳಿದ ಅರಳೆ. ಜರುಗದಿದ್ದರೆ ತಿರುವುವಾಗ ಒಳಗೆ ಮಡಚಿಕೊಂಡ ಮಾರ್ಜಿನ್. ಮೊದಲನೆಯದನ್ನು ಹೊರಗಿನಿಂದಲೇ ಸರಿಪಡಿಸಬಹುದು: ದಪ್ಪ ಸೂಜಿಯನ್ನು ಬಟ್ಟೆಯ ಮೂಲಕ ಒಳಗೆ ಚುಚ್ಚಿ, ಅದರ ತುದಿಯಿಂದ ಉಂಡೆಯನ್ನು ಕೆದಕಿ ಬಿಡಿಸಿ. ಎರಡನೆಯದಕ್ಕೆ ತುಂಬಿದ್ದನ್ನು ತೆಗೆಯದೆ ಬೇರೆ ದಾರಿಯಿಲ್ಲ.

ಏನನ್ನು ತುಂಬಿದ್ದೀರಿ ಎಂಬುದರ ಮೇಲೂ ದೋಷ ನಿಂತಿದೆ. ಹತ್ತಿಯ ಅರಳೆ ಕಾಲ ಕಳೆದಂತೆ ಕುಗ್ಗಿ ಗಟ್ಟಿ ಕಲ್ಲಾಗುತ್ತದೆ, ನೆನೆದರೆ ಬೇಗ ಒಣಗುವುದಿಲ್ಲ. ಬೂರುಗದ ಅರಳೆ ಹಗುರ, ಮೇಣದಂಥ ಮೈ ಇರುವುದರಿಂದ ನೀರು ಹೀರುವುದಿಲ್ಲ. ಆದರೆ ನಾರು ನುಣುಪು, ತೆಳು ನೇಯ್ಗೆಯ ಬಟ್ಟೆಯಿಂದ ಜಾರಿ ಬರುತ್ತದೆ, ಹಳತಾದಂತೆ ಪುಡಿಯಾಗುತ್ತದೆ. ಬೂರುಗ ಬಳಸುವುದಾದರೆ ಒಳಪದರ ಬೇಕೇ ಬೇಕು. ಪಾಲಿಯೆಸ್ಟರ್ ನಾರು ತೊಳೆಯಲು ಸುಲಭ, ಪುಟಿಯುತ್ತದೆ. ಆ ಪುಟಿತದಿಂದಲೇ ಕುತ್ತಿಗೆಯನ್ನು ಎಷ್ಟು ಒತ್ತಿದರೂ ಬಿಗಿ ಬರುವುದಿಲ್ಲ. ನಾನು ಮೈಗೆ ಪಾಲಿಯೆಸ್ಟರ್, ಕತ್ತಿಗೆ ಬಟ್ಟೆಯ ಬತ್ತಿ ಎಂದು ಬೆರೆಸುತ್ತೇನೆ. ನಮ್ಮ ಅಜ್ಜಿ ಹರಿದ ಸೀರೆಯ ಚಿಂದಿಯನ್ನೇ ತುಂಬುತ್ತಿದ್ದರು. ಆ ಗೊಂಬೆಗಳು ಭಾರವಾಗಿದ್ದವು, ಮೈ ಉಬ್ಬುತಗ್ಗಾಗಿತ್ತು, ಆದರೆ ಒಂದರ ಕತ್ತೂ ಬಿದ್ದದ್ದು ನನಗೆ ನೆನಪಿಲ್ಲ.

ಯಾವುದನ್ನೇ ತುಂಬಿದರೂ ಕೈಯಲ್ಲಿ ಹಿಂಜಿಕೊಳ್ಳಿ. ಬೆರಳ ತುದಿ, ಪಾದಕ್ಕೆ ಕಡಲೆ ಕಾಳಿನಷ್ಟು, ಹೊಟ್ಟೆಗೆ ಹಿಡಿಯಷ್ಟು. ಒಂದು ಹಿಡಿಯ ಬಾಲ ಇನ್ನೂ ಹೊರಗಿರುವಾಗಲೇ ಮುಂದಿನದನ್ನು ಅದಕ್ಕೆ ಹೆಣೆದು ತಳ್ಳಿದರೆ ಉಂಡೆಗಳು ಬೇರೆ ಬೇರೆಯಾಗಿ ಉಳಿಯುವುದಿಲ್ಲ. ಕೂರಿಸಿದ ಗೊಂಬೆ ಹಿಂದಕ್ಕೆ ಬೀಳುತ್ತಿದ್ದರೆ ತೊಡೆಯ ಕೀಲಿನಲ್ಲಿ ಅರಳೆ ಹೆಚ್ಚಾಗಿದೆ. ಅಲ್ಲಿ ಒಂದು ಬೆರಳಗಲ ಖಾಲಿ ಬಿಟ್ಟು ಅಡ್ಡಲಾಗಿ ಹೊಲಿಗೆ ಹಾಕಿ.

ಯಂತ್ರದ ತಂಟೆ

ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಸುತ್ತಿಕೊಂಡರೆ ಎಲ್ಲರೂ ಬಾಬಿನ್ ಕೇಸನ್ನು (ಅಡಿಯ ದಾರದ ಉರುಳೆ ಕೂರುವ ಡಬ್ಬಿಯನ್ನು) ತೆಗೆದು ಅದರ ತಿರುಪು ತಿರುಗಿಸಲು ಶುರುಮಾಡುತ್ತಾರೆ. ಅಡಿಯ ಗೋಜಲಿಗೆ ಕಾರಣ ಸಾಮಾನ್ಯವಾಗಿ ಮೇಲಿನ ದಾರ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಮೇಲೆತ್ತಿ, ಮೇಲಿನ ದಾರವನ್ನು ಪೂರ್ತಿ ತೆಗೆದು ಮೊದಲಿನಿಂದ ಪೋಣಿಸಿ. ಪಾದ ಕೆಳಗಿರುವಾಗ ಪೋಣಿಸಿದರೆ ದಾರವನ್ನು ಬಿಗಿಹಿಡಿಯುವ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರದೆ ಮೇಲೆಯೇ ಉಳಿಯುತ್ತದೆ.

ಆಮೇಲೂ ಅನುಮಾನವಿದ್ದರೆ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ ಚಿಂದಿಯ ಮೇಲೆ ಹೊಲಿಯಿರಿ. ಕೆಂಪು ಕೆಳಗೆ ಕಂಡರೆ ಮೇಲಿನ ಹಿಡಿತ ಸಡಿಲ, ಬಿಳಿ ಮೇಲೆ ಕಂಡರೆ ಮೇಲಿನ ಹಿಡಿತ ಬಿಗಿ. ಹೊಲಿಗೆ ನಡುನಡುವೆ ತಪ್ಪಿದರೆ ಸೂಜಿ ನೋಡಿ: ಕನ್ನಡಿಯ ಮೇಲೆ ಅದರ ಚಪ್ಪಟೆ ಬದಿಯನ್ನು ಮಲಗಿಸಿದಾಗ ತುದಿಯವರೆಗೂ ಸಮನಾದ ಸಂದು ಕಾಣದಿದ್ದರೆ ಸೂಜಿ ಬಾಗಿದೆ. ಸೂಜಿಯ ಉದ್ದನೆಯ ಗೀರು ದಾರ ಪೋಣಿಸುವ ಕಡೆಗೆ ಮುಖ ಮಾಡಿರಬೇಕು. ಪಾಪ್ಲಿನ್‌ನಂಥ ಸಾಮಾನ್ಯ ಹತ್ತಿ ಬಟ್ಟೆಗೆ 14 ನಂಬರಿನ ಸೂಜಿ, ತೆಳುವಾದ ಮಲ್ ಬಟ್ಟೆಗೆ 11 ಸಾಕು. ಪುಟ್ಟ ತೋಳಿನ ತುಂಡನ್ನು ಯಂತ್ರ ತೂತಿನೊಳಗೆ ಎಳೆದುಕೊಳ್ಳುತ್ತಿದ್ದರೆ ಮೊದಲು ಒಂದು ಚಿಂದಿಯ ಮೇಲೆ ಹೊಲಿಗೆ ಆರಂಭಿಸಿ, ನಿಲ್ಲಿಸದೆ ಗೊಂಬೆಯ ತುಂಡಿನ ಮೇಲೆ ಹಾಯಿಸಿ.

ಮುಖ

ಬಟ್ಟೆ ಚಪ್ಪಟೆಯಾಗಿದ್ದಾಗ ಸಮನಾಗಿ ಗುರುತಿಸಿದ ಕಣ್ಣುಗಳು ತುಂಬಿದ ಮೇಲೆ ಕೆನ್ನೆಯ ಕಡೆಗೆ ಓಡುತ್ತವೆ. ಹಾಗಾಗಿ ತುಂಬಿದ ಮೇಲೆಯೇ ಗುಂಡುಸೂಜಿಗಳನ್ನು ಕಣ್ಣಿನ ಜಾಗದಲ್ಲಿ ಚುಚ್ಚಿ, ತೋಳಿನಷ್ಟು ದೂರ ಹಿಡಿದು ನೋಡಿ, ಕನ್ನಡಿಯಲ್ಲೂ ನೋಡಿ. ಕಣ್ಣು ತಲೆಯ ಅರ್ಧ ಎತ್ತರಕ್ಕಿಂತ ತುಸು ಕೆಳಗಿದ್ದರೆ ಮಗುವಿನ ಮುಖ ಬರುತ್ತದೆ. ಮೇಲೆ ಹೋದಷ್ಟೂ ದೊಡ್ಡವರ ಮುಖ. ಕೆನ್ನೆಯಲ್ಲಿ ಕಪ್ಪು ನೆರಳಿನಂಥ ಗೆರೆ ಕಂಡರೆ ಕಪ್ಪು ದಾರವನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಒಳಗಿನಿಂದ ಹಾಯಿಸಿದ್ದೀರಿ. ಪ್ರತಿ ಕಣ್ಣನ್ನೂ ತಲೆಯ ಹಿಂಬದಿಯಿಂದ, ಕೂದಲು ಮುಚ್ಚುವ ಜಾಗದಿಂದ ಬೇರೆಯಾಗಿ ಆರಂಭಿಸಿ ಅಲ್ಲೇ ಮುಗಿಸಿ. ಬಾಲ್ ಪೆನ್ನಿನಿಂದ ಗುರುತು ಹಾಕಬೇಡಿ, ಒಗೆದರೂ ಸುಲಭವಾಗಿ ಹೋಗುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಗುಂಡಿಯ ಕಣ್ಣು, ಮಣಿಯ ಮೂಗುತಿ ಬೇಡವೇ ಬೇಡ. ಕಿತ್ತು ಬಂದರೆ ನೇರ ಬಾಯಿಗೆ ಹೋಗುತ್ತದೆ. ದಾರದಲ್ಲೇ ಕಸೂತಿ ಮಾಡಿ.

ಸೀರೆ, ಲಂಗ, ರವಿಕೆ

ಗೊಂಬೆಯ ಸೀರೆ ಡೇರೆಯಂತೆ ಸೆಟೆದು ನಿಂತರೆ ಉಡಿಸುವ ಕೈಯನ್ನು ದೂರಬೇಡಿ, ಲೆಕ್ಕ ಹಾಕಿ. 160 ಸೆಂಟಿಮೀಟರ್ ಎತ್ತರದ ಹೆಂಗಸು ಉಡುವ ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 115 ಸೆಂಟಿಮೀಟರ್ ಅಗಲ. ಗೊಂಬೆ 32 ಸೆಂಟಿಮೀಟರ್ ಎಂದರೆ ಐದರಲ್ಲಿ ಒಂದು ಪಾಲು. ಸೀರೆ 110 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲ ಬೇಕು. ಅಳತೆಯೇನೋ ಐದರಲ್ಲಿ ಒಂದಾಯಿತು, ಬಟ್ಟೆಯ ದಪ್ಪ ಹಾಗೆ ಕಡಿಮೆಯಾಗುವುದಿಲ್ಲ. ಆರೇಳು ನೆರಿಗೆ ಹಿಡಿದರೆ ಗೊಂಬೆಯ ಹೊಟ್ಟೆಯ ಮುಂದೆ ದಿಂಬು ಕಟ್ಟಿದಂತಾಗುತ್ತದೆ. ಮೂರು ನೆರಿಗೆ ಸಾಕು, ಉದ್ದವನ್ನೂ 90 ಸೆಂಟಿಮೀಟರಿಗೆ ಇಳಿಸಬಹುದು. ಬಟ್ಟೆ ಮಲ್‌ನಷ್ಟು ತೆಳುವಾಗಿರಲಿ, ಅನೇಕ ಸಲ ಒಗೆದು ಮೆತ್ತಗಾದದ್ದಾದರೆ ಇನ್ನೂ ಒಳ್ಳೆಯದು.

ಅಂಚಿನದೂ ಇದೇ ಕಥೆ. ನಿಜವಾದ ಸೀರೆಯ ಐದು ಸೆಂಟಿಮೀಟರ್ ಅಂಚು ಗೊಂಬೆಯ ಮೇಲೆ ಅರ್ಧ ಮೊಳದ ಅಂಚಿನಂತೆ ಕಾಣುತ್ತದೆ. ಅದಕ್ಕೆ ಒಂದು ಸೆಂಟಿಮೀಟರಿನ ಅಂಚು ಬೇಕು. ಮನೆಯಲ್ಲಿ ಹಿರಿಯರ ಹಳೆಯ ಪಂಚೆ ಇದ್ದರೆ ಹುಡುಕಿ ತೆಗೆಯಿರಿ. ಸಣ್ಣ ಅಂಚು, ಸವೆದು ಮೃದುವಾದ ಬಟ್ಟೆ, ಎಳೆ ಬಿಡದ ನೇಯ್ದ ತುದಿ: ಗೊಂಬೆಯ ಸೀರೆಗೆಂದೇ ನೇಯ್ದಂತಿರುತ್ತದೆ.

ರವಿಕೆ ತೊಡಿಸಲು ಆಗುತ್ತಿಲ್ಲವೆಂದರೆ ನೆನಪಿಡಿ, ಗೊಂಬೆಯ ತಲೆ ಅದರ ಎದೆಗಿಂತ ದೊಡ್ಡದು, ಮೊಣಕೈ ಮಡಚುವುದಿಲ್ಲ. ಮೇಲಿನಿಂದ ಹಾಕುವ ಉಡುಪು ಅದಕ್ಕೆ ನಡೆಯದು. ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ತೆರೆದಿಟ್ಟು ಪ್ರೆಸ್ ಬಟನ್ ಹಚ್ಚಿ. ತೋಳು ಕೂಡಿಸಲು ಬೆರಳು ಹೋಗುವುದಿಲ್ಲ ಎನ್ನುವವರು ದೊಡ್ಡವರ ರವಿಕೆಯ ಕ್ರಮದಲ್ಲಿ, ಪಕ್ಕ ಮುಚ್ಚಿದ ಮೇಲೆ ತೋಳು ಹಚ್ಚುತ್ತಿರುತ್ತಾರೆ. ಬಟ್ಟೆ ಚಪ್ಪಟೆಯಾಗಿರುವಾಗಲೇ ತೋಳು ಹಚ್ಚಿ, ಆಮೇಲೆ ತೋಳಿನಡಿಯಿಂದ ಸೊಂಟದವರೆಗೆ ಒಂದೇ ಓಟದಲ್ಲಿ ಪಕ್ಕ ಹೊಲಿಯಿರಿ. ಗುಳೇದಗುಡ್ಡದ ಖಣ ಗೊಂಬೆಯ ರವಿಕೆಗೆ ಬಹಳ ಚೆನ್ನ, ಅದರ ಬುಟ್ಟಾಗಳು ಚಿಕ್ಕವು. ಆದರೆ ಕತ್ತರಿಸಿದ ಕೂಡಲೇ ಎಳೆ ಬಿಡುತ್ತದೆ. ತುಂಡನ್ನು ಕತ್ತರಿಸುವ ಮೊದಲೇ ಗುರುತಿನ ಗೆರೆಯ ಒಳಗೆ ಒಂದು ಸುತ್ತು ಹೊಲಿದುಕೊಂಡು, ಆಮೇಲೆ ಕತ್ತರಿಸಿ.

ಲಂಗದ ಸೊಂಟ ದಪ್ಪವಾದರೆ ಪಟ್ಟಿಯನ್ನು ಮಡಚಬೇಡಿ, ತೆಳು ರಿಬ್ಬನ್ ಹಚ್ಚಿ.

ಬಣ್ಣ, ಮಳೆ, ಹುಳು

ಉಡುಪಿನ ಕೆಂಪು ಗೊಂಬೆಯ ಮೈಗೆ ಇಳಿದ ಮೇಲೆ ಮಾಡಬಹುದಾದದ್ದು ಕಡಿಮೆ. ಒದ್ದೆಯಿರುವಾಗಲೇ ತಣ್ಣೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ, ಇಸ್ತ್ರಿ ಮುಟ್ಟಿಸಬೇಡಿ. ಅದಕ್ಕೂ ಮೊದಲು ಮಾಡಬೇಕಾದ ಪರೀಕ್ಷೆ ಒಂದು ನಿಮಿಷದ್ದು: ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಉಡುಪಿನ ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜಿ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳಿಗೆ ಇದನ್ನು ಬಿಡಲೇಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ನಂಬಿ ಕೂರಬೇಡಿ. ನೀರು ತಿಳಿಯಾಗುವವರೆಗೆ ಒಗೆಯುವುದೇ ದಾರಿ. ತಿಳಿಯಾಗದಿದ್ದರೆ ಆ ಬಟ್ಟೆಯನ್ನು ಬೇರೆ ಕೆಲಸಕ್ಕೆ ಇಡಿ.

ನಮ್ಮ ಶಿವಮೊಗ್ಗದ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಗೊಂಬೆಗೆ ಬೂಷ್ಟು ಬರುವುದು ಮಾಮೂಲು. ಕಲೆ ಕಾಣುವ ಮೊದಲೇ ವಾಸನೆ ಬರುತ್ತದೆ. ಅರಳೆ ತುಂಬಿದ ಗೊಂಬೆಯನ್ನು ನೀರಿನಲ್ಲಿ ಮುಳುಗಿಸಬೇಡಿ. ಬಿಚ್ಚಿ ಅರಳೆ ತೆಗೆದು, ಬಟ್ಟೆಯನ್ನು ಮಾತ್ರ ಒಗೆದು ಬಿಸಿಲಿಗೆ ಹಾಕಿ, ಹೊಸದಾಗಿ ತುಂಬಿ. ಇಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಹತ್ತಿ ಬಟ್ಟೆಯ ಚೀಲವಿರಲಿ.

ಸೀರೆಯಲ್ಲಿ ಸಣ್ಣ ಸಣ್ಣ ತೂತುಗಳೋ, ಮೇಲ್ಮೈ ಕೆರೆದಂಥ ಗುರುತುಗಳೋ ಕಂಡರೆ ಗಂಜಿಯ ಕೆಲಸ. ಹಬ್ಬದಲ್ಲಿ ನೆರಿಗೆ ನಿಲ್ಲಲೆಂದು ಹಾಕಿದ ಗಂಜಿಯನ್ನು ಒಗೆಯದೆ ಹಾಗೇ ಪೆಟ್ಟಿಗೆಗೆ ಸೇರಿಸಿದರೆ ಬೆಳ್ಳಿ ಮೈಯ ಪುಸ್ತಕದ ಹುಳು ಅದನ್ನು ಹುಡುಕಿಕೊಂಡು ಬರುತ್ತದೆ. ವಿಜಯದಶಮಿ ಮುಗಿದ ಮೇಲೆ ಗೊಂಬೆಯ ಬಟ್ಟೆಗಳನ್ನೆಲ್ಲ ಬಿಚ್ಚಿ, ಗಂಜಿ ಹೋಗುವಂತೆ ಒಗೆದು, ಪೂರ್ತಿ ಒಣಗಿಸಿ ಇಡಿ.

ಆ ಗದ್ದ ಊರಿದ ಗೊಂಬೆಗೆ ನೇರ ಹಾಸಿನ ಹೊಸ ಬೆನ್ನು ಹೊಲಿದೆ. ಮುಂಭಾಗ, ಮುಖ, ಕೂದಲು ಎಲ್ಲ ಹಳೆಯದೇ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಪೆಟ್ಟಿಗೆ ತೆರೆದಾಗ ಅಣ್ಣನ ಮಗಳು ಮೊದಲು ಅದನ್ನೇ ಎತ್ತಿಕೊಂಡು, ಎರಡು ಬೆರಳಿನಿಂದ ಕತ್ತು ಹಿಸುಕಿ ನೋಡಿ, "ಗಟ್ಟಿಯಿದೆ ಅತ್ತೆ" ಎಂದು ಕೂಗಿ ಹೇಳುತ್ತಾಳೆ.